ಹಳೆಯ ಕಾರಿನ ಮೀಟರ್ ಸ್ಟೆಬಿಲೈಸರ್: ಕೆಲಸ ಮಾಡುವ ಬಗೆ, ಪರೀಕ್ಷೆ ಮತ್ತು ದುರಸ್ತಿ

ಸೋಮೇಶ್ವರದಿಂದ ಆಗುಂಬೆಗೆ ಘಾಟಿ ಹತ್ತುವಾಗ, ಆ 14 ತಿರುವುಗಳ ನಡುವೆ ಎಲ್ಲಿಯೋ ಒಂದು ಕಡೆ, ಹಳೆಯ ಕಾರಿನ ಟೆಂಪರೇಚರ್ ಮೀಟರಿನ ಮುಳ್ಳು ಕೆಂಪು ಗೆರೆಯ ಕಡೆಗೆ ಸರಿಯತೊಡಗಿದರೆ ಯಾರಾದರೂ ಮೊದಲು ಅನುಮಾನಿಸುವುದು ರೇಡಿಯೇಟರನ್ನು. ಅನುಮಾನ ಸಹಜ, ಗಾಡಿಯನ್ನು ಬದಿಗೆ ನಿಲ್ಲಿಸಿ ನೀರು ನೋಡುವುದೂ ಸರಿ. ಆದರೆ ನಿಲ್ಲಿಸಿದ ಮೇಲೆ, ಇಗ್ನಿಷನ್ ಆಫ್ ಮಾಡುವುದಕ್ಕೆ ಮುಂಚೆ, ಪಕ್ಕದ ಪೆಟ್ರೋಲ್ ಮೀಟರನ್ನು ಒಮ್ಮೆ ನೋಡಿಕೊಳ್ಳಬೇಕು. ಏರಿನಲ್ಲಿ ಪೆಟ್ರೋಲ್ ಟ್ಯಾಂಕಿನ ಒಂದು ಬದಿಗೆ ಸರಿದು ಆ ಮುಳ್ಳು ತುಸು ಆಚೀಚೆ ಆಗುವುದುಂಟು. ಆದರೆ ಕೆಳಗೆ ಅರ್ಧ ಟ್ಯಾಂಕ್ ತೋರಿಸುತ್ತಿದ್ದದ್ದು, ಸಮತಟ್ಟಾದ ಜಾಗದಲ್ಲಿ ನಿಂತ ಮೇಲೂ ಮುಕ್ಕಾಲು ದಾಟಿಯೇ ಇದ್ದರೆ, ಎರಡು ಮೀಟರುಗಳೂ ಒಟ್ಟಿಗೆ ಸುಳ್ಳು ಹೇಳುತ್ತಿವೆ ಎಂದು ತಿಳಿಯಬೇಕು. ಎಂಜಿನ್ನಿನ ನೀರಿಗೂ ಟ್ಯಾಂಕಿನ ಪೆಟ್ರೋಲಿಗೂ ಯಾವ ಸಂಬಂಧವೂ ಇಲ್ಲ. ಆ ಎರಡು ಮೀಟರುಗಳಿಗೆ ಸಮಾನವಾಗಿರುವುದು ಅವುಗಳಿಗೆ ಬರುವ ಕರೆಂಟು ಮಾತ್ರ. ಆ ಕರೆಂಟನ್ನು ಹದಕ್ಕೆ ತರುವ, ಬೆಂಕಿಪೊಟ್ಟಣಕ್ಕಿಂತ ದೊಡ್ಡದೇನೂ ಅಲ್ಲದ ತಗಡಿನ ಡಬ್ಬಿಯೇ ವೋಲ್ಟೇಜ್ ಸ್ಟೆಬಿಲೈಸರ್.

ಇದನ್ನು ಚಾರ್ಜಿಂಗ್ ರೆಗ್ಯುಲೇಟರಿನೊಂದಿಗೆ ಬೆರೆಸಬಾರದು. ಡೈನಮೋ ಇರುವ ಗಾಡಿಗಳಲ್ಲಿ ನಮ್ಮ ಎಲೆಕ್ಟ್ರಿಷಿಯನ್ನರು ‘ಕಟೌಟ್’ ಎಂದು ಕರೆಯುವ ಕಪ್ಪು ಪೆಟ್ಟಿಗೆ ಎಂಜಿನ್ ಕಡೆ ಇರುತ್ತದೆ. ಬ್ಯಾಟರಿಗೆ ಎಷ್ಟು ಚಾರ್ಜ್ ಹೋಗಬೇಕು, ಎಂಜಿನ್ ನಿಂತಾಗ ಬ್ಯಾಟರಿಯ ಕರೆಂಟು ಡೈನಮೋಗೆ ಹಿಂದಿರುಗಿ ಹರಿಯದಂತೆ ಹೇಗೆ ತಡೆಯಬೇಕು ಎಂಬುದು ಅದರ ಕೆಲಸ. ಸ್ಟೆಬಿಲೈಸರ್ ಇರುವುದು ಡ್ಯಾಶ್‌ಬೋರ್ಡಿನ ಹಿಂದೆ, ಸಾಮಾನ್ಯವಾಗಿ ಸ್ಪೀಡೋಮೀಟರಿನ ಬೆನ್ನಿಗೆ ಅಥವಾ ಅದರ ಹತ್ತಿರದ ತಗಡಿಗೆ ಒಂದೇ ಸ್ಕ್ರೂನಿಂದ ಕೂತಿರುತ್ತದೆ. ಬ್ಯಾಟರಿಯ ಗೊಡವೆ ಅದಕ್ಕಿಲ್ಲ; ಪೆಟ್ರೋಲ್ ಮತ್ತು ಟೆಂಪರೇಚರ್ ಮೀಟರುಗಳಿಗಷ್ಟೇ ಅದರ ಸೇವೆ.

ಎಲ್ಲ ಹಳೆಯ ಕಾರುಗಳಲ್ಲಿಯೂ ಇದು ಇರುವುದಿಲ್ಲ. 1960ರ ದಶಕದಿಂದ ಬ್ರಿಟನ್ನಿನ ಸ್ಮಿತ್ಸ್ ಕಂಪನಿಯ ಮೀಟರುಗಳನ್ನು ಬಳಸಿದ ಟ್ರಯಂಫ್, ಎಂಜಿ, ಮಾರಿಸ್ ಮುಂತಾದ ಬ್ರಿಟಿಷ್ ಮೂಲದ ಕಾರುಗಳಲ್ಲಿ ಇದು ಸಾಮಾನ್ಯ. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಅದೇ ವಂಶದ್ದು. ನಮ್ಮಲ್ಲಿ ಉಳಿದಿರುವ ಹಳೆಯ ಗಾಡಿಗಳ ಮೀಟರ್ ಬೋರ್ಡುಗಳು ಕಳೆದ ಅರ್ಧ ಶತಮಾನದಲ್ಲಿ ಎಷ್ಟೋ ಕೈ ಬದಲಾಗಿರುವುದರಿಂದ ಮಾದರಿಯ ಹೆಸರನ್ನಷ್ಟೇ ನಂಬದೆ, ಮೀಟರಿನ ನಡತೆಯನ್ನು ನೋಡಿ ನಿರ್ಧರಿಸುವುದು ಕ್ಷೇಮ. ಕೀ ತಿರುಗಿಸಿದ ಕೂಡಲೇ ಮುಳ್ಳು ಟಕ್ಕೆಂದು ತನ್ನ ಜಾಗಕ್ಕೆ ಹಾರಿದರೆ ಅದು ಕಾಂತದ ಕಾಯಿಲ್ ಇರುವ ಹಳೆಯ ಬಗೆಯ ಮೀಟರ್. ಅದರಲ್ಲಿ ಎರಡು ಕಾಯಿಲ್‌ಗಳು ಮುಳ್ಳನ್ನು ಎರಡು ಕಡೆಗೆ ಎಳೆಯುತ್ತವೆ. ವೋಲ್ಟೇಜ್ ಏರಿದರೆ ಎರಡೂ ಸೆಳೆತಗಳು ಒಟ್ಟಿಗೆ ಏರುವುದರಿಂದ ಮುಳ್ಳು ಇದ್ದಲ್ಲೇ ಇರುತ್ತದೆ, ಸ್ಟೆಬಿಲೈಸರ್ ಬೇಕಾಗುವುದೇ ಇಲ್ಲ. ಮುಳ್ಳು ಅವಸರವಿಲ್ಲದೆ ತೆವಳುತ್ತ ಏರಿ, ಕೀ ತೆಗೆದ ಮೇಲೂ ಹಾಗೆಯೇ ನಿಧಾನವಾಗಿ ಇಳಿದರೆ ಅದು ಶಾಖದಿಂದ ನಡೆಯುವ ಮೀಟರ್. ಈ ಬರಹ ಅದಕ್ಕೆ ಸಂಬಂಧಿಸಿದ್ದು. ತೋಟಗಳಲ್ಲಿ ಇನ್ನೂ ಓಡುವ ಜೀಪುಗಳ ವಿಷಯದಲ್ಲಿ ಒಂದು ಎಚ್ಚರಿಕೆ: ಅಮೆರಿಕದ ಸಿಜೆ-5 ಮಾದರಿಯಲ್ಲಿ ಸ್ಟೆಬಿಲೈಸರ್ ಪ್ರತ್ಯೇಕ ಡಬ್ಬಿಯಾಗಿರದೆ ಪೆಟ್ರೋಲ್ ಮೀಟರಿನ ಒಳಗೇ ಇದ್ದು, ಸುಮಾರು 5 ವೋಲ್ಟಿಗೆ ಹೊಂದಿಸಿರುತ್ತದೆ. ಅಂಥ ಮೀಟರಿಗೆ ಮುಂದೆ ಹೇಳುವ 10 ವೋಲ್ಟಿನ ಲೆಕ್ಕವನ್ನು ಅನ್ವಯಿಸಿದರೆ ಮೀಟರ್ ಸುಡುತ್ತದೆ.

ಡಬ್ಬಿಯೊಳಗೆ ನಡೆಯುವುದೇನು?

ಶಾಖದ ಮೀಟರಿನ ಒಳಗೆ ‘ಯು’ ಆಕಾರದ ಒಂದು ದ್ವಿಲೋಹ ಪಟ್ಟಿ ಇರುತ್ತದೆ. ಬಿಸಿಯಾದಾಗ ಒಂದು ಲೋಹ ಹೆಚ್ಚು, ಇನ್ನೊಂದು ಕಡಿಮೆ ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ, ಬಾಗುವಾಗ ಮುಳ್ಳನ್ನು ತಳ್ಳುತ್ತದೆ. ಪಟ್ಟಿಯ ಒಂದು ಕಾಲಿಗೆ ಸುತ್ತಿದ ಸಣ್ಣ ತಂತಿಯಲ್ಲಿ ಹರಿಯುವ ಕರೆಂಟೇ ಅದನ್ನು ಬಿಸಿ ಮಾಡುವುದು. ಎರಡನೆಯ ಕಾಲು ಬರಿದಾಗಿದ್ದು, ಹೊರಗಿನ ಹವೆಯ ಬಿಸಿ ಅಥವಾ ಚಳಿಯಿಂದ ಆಗುವ ಬಾಗುವಿಕೆಯನ್ನು ಸರಿದೂಗಿಸುತ್ತದೆ. ಎಷ್ಟು ಕರೆಂಟು ಹರಿಯಬೇಕು ಎಂಬುದನ್ನು ಟ್ಯಾಂಕಿನಲ್ಲಿರುವ ಫ್ಲೋಟಿನ ರೋಧ, ಇಲ್ಲವೇ ಎಂಜಿನ್ನಿನಲ್ಲಿರುವ ಟೆಂಪರೇಚರ್ ಸೆನ್ಸರಿನ ರೋಧ ನಿರ್ಧರಿಸುತ್ತದೆ. ಫ್ಲೋಟ್ ಮೇಲೇರಿದಂತೆ ರೋಧ ತಗ್ಗಿ, ಕರೆಂಟು ಹೆಚ್ಚಿ, ಮುಳ್ಳು ‘ಎಫ್’ ಕಡೆಗೆ ಹೋಗುತ್ತದೆ. ಸೆನ್ಸರ್ ಕೂಡ ಬಿಸಿಯಾದಷ್ಟೂ ರೋಧ ತಗ್ಗಿಸಿಕೊಳ್ಳುವ ಜಾತಿಯದು.

ತೊಡಕು ಇರುವುದು ಇಲ್ಲಿಯೇ. ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎಂಜಿನ್ ನಿಂತಿರುವಾಗ ಬ್ಯಾಟರಿಯಲ್ಲಿ 12 ವೋಲ್ಟ್ ಇದ್ದು, ಘಾಟಿಯಲ್ಲಿ ಎರಡನೆಯ ಗೇರಿನಲ್ಲಿ ಜೋರಾಗಿ ತಿರುಗುವಾಗ ಅದು 14ಕ್ಕೆ ಏರಿತೆಂದುಕೊಳ್ಳಿ; ವೋಲ್ಟೇಜ್ ಏರಿದ್ದು ಆರನೇ ಒಂದು ಪಾಲು, ಮೀಟರಿನೊಳಗಿನ ಶಾಖ ಏರುವುದು ಮೂರನೇ ಒಂದು ಪಾಲಿಗಿಂತ ಹೆಚ್ಚು. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಐಡ್ಲಿಂಗಿನಲ್ಲಿ ನಿಂತರೆ ಇದೇ ಕಥೆ ತಿರುಗುಮುರುಗಾಗುತ್ತದೆ. ಡೈನಮೋ ಕಾರುಗಳಲ್ಲಿ ಈ ಏರಿಳಿತ ಎದ್ದು ಕಾಣುತ್ತದೆ, ಏಕೆಂದರೆ ಐಡ್ಲಿಂಗಿನಲ್ಲಿ ಡೈನಮೋ ಚಾರ್ಜ್ ಮಾಡುವುದೇ ಇಲ್ಲವೆನ್ನಬಹುದು.

ಇದನ್ನು ತಡೆಯಲು ಹೂಡಿದ ಉಪಾಯ ಸರಳ, ಮತ್ತು ನನ್ನ ಅಭಿಪ್ರಾಯದಲ್ಲಿ ಬಹಳ ಜಾಣತನದ್ದು. ಸ್ಟೆಬಿಲೈಸರಿನ ಒಳಗೂ ಮೀಟರಿನಲ್ಲಿರುವಂಥದ್ದೇ ಒಂದು ದ್ವಿಲೋಹ ಪಟ್ಟಿ, ಅದಕ್ಕೆ ಸುತ್ತಿದ ಬಿಸಿ ತಂತಿ, ತುದಿಯಲ್ಲಿ ಒಂದು ಜೊತೆ ಪಾಯಿಂಟ್ (ಕೂಡಿ ಬಿಡುವ ಲೋಹದ ಮೊನೆಗಳು) ಇರುತ್ತವೆ. ಕರೆಂಟು ಪಾಯಿಂಟಿನ ಮೂಲಕ ಮೀಟರುಗಳಿಗೆ ಹೋಗುತ್ತದೆ. ಅದೇ ವೇಳೆಗೆ ಬಿಸಿ ತಂತಿಯ ಮೂಲಕ ಬಾಡಿ ಅರ್ತಿಗೂ, ಅಂದರೆ ಬ್ಯಾಟರಿಯ ಒಂದು ತುದಿ ಸೇರಿರುವ ಕಾರಿನ ಮೈತಗಡಿಗೂ, ಹರಿಯುತ್ತದೆ. ಪಟ್ಟಿ ಬಿಸಿಯಾಗಿ ಬಾಗಿದಾಗ ಪಾಯಿಂಟ್ ಬಿಡುತ್ತದೆ, ಕರೆಂಟು ಕಡಿದುಹೋಗುತ್ತದೆ. ಪಟ್ಟಿ ತಣಿದಾಗ ಮತ್ತೆ ಕೂಡುತ್ತದೆ. ಇಸ್ತ್ರಿ ಪೆಟ್ಟಿಗೆಯ ದೀಪ ಹತ್ತಿ ಆರುವಂತೆ ಇದು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ ನಡೆಯುತ್ತಲೇ ಇರುತ್ತದೆ. ವೋಲ್ಟೇಜ್ ಹೆಚ್ಚಿದ್ದರೆ ಪಟ್ಟಿ ಬೇಗ ಬಿಸಿಯಾಗಿ ಬೇಗ ಬಿಡುತ್ತದೆ, ಕಡಿಮೆಯಿದ್ದರೆ ಹೆಚ್ಚು ಹೊತ್ತು ಹಿಡಿದಿರುತ್ತದೆ. ಕಾಯಿಲ್ ಮೀಟರಿಗೆ ಈ ಹೊಡೆತ ಕೊಟ್ಟರೆ ಮುಳ್ಳು ಕುಣಿದೀತು. ಶಾಖದ ಮೀಟರ್ ನಿಧಾನಿಯಾದ್ದರಿಂದ ಅದಕ್ಕೆ ಒಟ್ಟು ಬಿಸಿಯಷ್ಟೇ ತಲುಪುತ್ತದೆ.

ಅಂದರೆ ಈ ಡಬ್ಬಿ ಸ್ಥಿರವಾಗಿಡುವುದು ವೋಲ್ಟೇಜನ್ನಲ್ಲ, ಶಾಖವನ್ನು. ಅದರಿಂದ ಹೊರಬರುವುದು ಒಂದೋ ಪೂರ್ತಿ ಬ್ಯಾಟರಿ ವೋಲ್ಟೇಜ್, ಇಲ್ಲವೇ ಸೊನ್ನೆ. ನಡುವೆ ಏನೂ ಇಲ್ಲ. ‘10 ವೋಲ್ಟ್’ ಎನ್ನುವುದು ಸ್ಥಿರವಾದ 10 ವೋಲ್ಟ್ ಕೊಟ್ಟಿದ್ದರೆ ಎಷ್ಟು ಶಾಖ ಹುಟ್ಟುತ್ತಿತ್ತೋ ಅಷ್ಟು ಎಂಬ ಅರ್ಥದಲ್ಲಿ. ಲೆಕ್ಕದ ಪ್ರಕಾರ 14 ವೋಲ್ಟಿನಲ್ಲಿ ಪಾಯಿಂಟ್ ಅರ್ಧದಷ್ಟು ಕಾಲ, 12 ವೋಲ್ಟಿನಲ್ಲಿ ನೂರಕ್ಕೆ ಸುಮಾರು 70ರಷ್ಟು ಕಾಲ ಕೂಡಿರುತ್ತದೆ. 14 ವೋಲ್ಟಿನಲ್ಲಿ ಸರಾಸರಿ ಕಟ್ಟಿದರೆ ಬರುವುದು 7 ವೋಲ್ಟಿನ ಆಸುಪಾಸು. ಮಲ್ಟಿಮೀಟರ್ ಹಿಡಿದು 10 ಕಾಣಲಿಲ್ಲವೆಂದು ಚೆನ್ನಾಗಿದ್ದ ಸ್ಟೆಬಿಲೈಸರನ್ನು ಕಿತ್ತು ಬಿಸಾಡುವುದು ಈ ಒಂದು ಸಂಗತಿಯನ್ನು ಗಮನಿಸದೆ ಇರುವುದರಿಂದ. ಮೀಡಿಯಂ ವೇವ್‌ನಲ್ಲಿ ಭದ್ರಾವತಿ ಕೇಂದ್ರವನ್ನು ಕಾರಿನ ರೇಡಿಯೋದಲ್ಲಿ ಕೇಳುತ್ತಿದ್ದ ಕಾಲದಲ್ಲಿ ಹಾಡಿನ ಹಿಂದೆ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಅದಕ್ಕೆ ಈ ಪಾಯಿಂಟಿನ ಕಿಡಿಯೂ ಒಂದು ಕಾರಣವಾಗಿರುತ್ತಿತ್ತು.

ಪರೀಕ್ಷೆ

ಮೊದಲಿಗೆ ಲಕ್ಷಣವನ್ನು ಓದಿಕೊಳ್ಳಬೇಕು. ಎರಡು ಮುಳ್ಳುಗಳೂ ಹೆಚ್ಚು ತೋರಿಸಿದರೆ ಪಾಯಿಂಟ್ ಅಂಟಿಕೊಂಡಿದೆ, ಇಲ್ಲವೇ ಡಬ್ಬಿಗೆ ಅರ್ತ್ ಇಲ್ಲ. ಎರಡೂ ಏಳದೆ ಮಲಗಿದ್ದರೆ ಡಬ್ಬಿಗೆ ಕರೆಂಟು ಬರುತ್ತಿಲ್ಲ, ಇಲ್ಲವೇ ಪಾಯಿಂಟ್ ಸುಟ್ಟಿದೆ. ಫ್ಯೂಸ್ ನೋಡುವುದು ಮೊದಲ ಕೆಲಸ. ಒಂದು ಸರಿಯಾಗಿದ್ದು ಇನ್ನೊಂದು ಮಾತ್ರ ತಪ್ಪಿದ್ದರೆ ಸ್ಟೆಬಿಲೈಸರನ್ನು ಮುಟ್ಟುವ ಅಗತ್ಯವಿಲ್ಲ; ಆ ಮೀಟರ್, ಅದರ ವೈರ್, ಅದರ ಸೆನ್ಸರ್, ಈ ಮೂರರಲ್ಲೊಂದು ಕಾರಣ.

ಮಲೆನಾಡಿನಲ್ಲಿ ಎರಡೂ ಹೆಚ್ಚು ತೋರಿಸುವ ದೂರೇ ಹೆಚ್ಚು, ಮತ್ತು ಅದಕ್ಕೆ ಕಾರಣ ಬಹುಪಾಲು ಅರ್ತ್. ಬಿಸಿ ತಂತಿಯ ಕರೆಂಟು ಡಬ್ಬಿಯ ತಗಡಿನಿಂದ ಸ್ಕ್ರೂಗೆ, ಸ್ಕ್ರೂವಿನಿಂದ ಬಾಡಿಗೆ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಹಿಂದೆ ತೇವ ಕೂತು ಆ ಸ್ಕ್ರೂವಿನ ಸುತ್ತ ಕೆಂಪು ತುಕ್ಕಿನ ಬಳೆ ಕಟ್ಟಿಕೊಳ್ಳುತ್ತದೆ. ಅರ್ತ್ ಕಡಿದರೆ ಬಿಸಿ ತಂತಿಯಲ್ಲಿ ಕರೆಂಟು ಹರಿಯದು, ಪಟ್ಟಿ ಬಾಗದು, ಪಾಯಿಂಟ್ ಬಿಡದು; ಮೀಟರುಗಳಿಗೆ ಹಗಲಿರುಳು ಪೂರ್ತಿ 14 ವೋಲ್ಟ್ ಹೋಗುತ್ತದೆ, ಅಂದರೆ ಇರಬೇಕಾದದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಶಾಖ. ಹೊಸದಾಗಿ ಪೇಂಟ್ ಮಾಡಿಸಿದ ಕಾರುಗಳಲ್ಲಿ ತುಕ್ಕೇ ಇಲ್ಲದೆಯೂ ಇದೇ ಆಗುತ್ತದೆ: ಪೇಂಟರ್ ಅಚ್ಚುಕಟ್ಟಾಗಿ ಒಳತಗಡಿಗೂ ಬಣ್ಣ ಹೊಡೆದಿರುತ್ತಾನೆ, ಸ್ಕ್ರೂ ಬಣ್ಣದ ಮೇಲೆ ಕೂತಿರುತ್ತದೆ.

ಆದ್ದರಿಂದ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಬಿಡಿಭಾಗ ಹುಡುಕಿಕೊಂಡು ಹೋಗುವ ಮೊದಲು ಒಂದು ತುಂಡು ವೈರ್ ತೆಗೆದುಕೊಂಡು, ಅದರ ಒಂದು ತುದಿಯನ್ನು ಡಬ್ಬಿಯ ತಗಡಿಗೆ ಒತ್ತಿ, ಇನ್ನೊಂದನ್ನು ಬ್ಯಾಟರಿಯ ಅರ್ತ್ ಟರ್ಮಿನಲ್ಲಿಗೆ ಹಿಡಿಯಿರಿ. ಒಂದೆರಡು ನಿಮಿಷದಲ್ಲಿ ಎರಡೂ ಮುಳ್ಳುಗಳು ಇಳಿದು ತಮ್ಮ ಜಾಗಕ್ಕೆ ಬಂದರೆ ಡಬ್ಬಿ ಚೆನ್ನಾಗಿದೆ. ಬ್ಯಾಟರಿಯ ಕನೆಕ್ಷನ್ ತೆಗೆದು, ಸ್ಕ್ರೂ ಬಿಚ್ಚಿ, ಡಬ್ಬಿಯ ಬೆನ್ನು ಮತ್ತು ತಗಡು ಎರಡನ್ನೂ ಪಾಲಿಶ್ ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿದರೆ ಕೆಲಸ ಮುಗಿಯಿತು. ನಾನಾದರೆ ಸ್ಕ್ರೂವನ್ನು ಮಾತ್ರ ನಂಬದೆ, ಡಬ್ಬಿಯಿಂದ ಒಂದು ಕಪ್ಪು ವೈರನ್ನು ಬೇರೆಯಾಗಿ ಬಾಡಿಗೆ ಎಳೆಯುತ್ತೇನೆ. ಮರದ ಅಥವಾ ಪ್ಲಾಸ್ಟಿಕ್ಕಿನ ಡ್ಯಾಶ್‌ಬೋರ್ಡ್ ಹಾಕಿಸಿಕೊಂಡವರಿಗೆ ಇದು ಅನಿವಾರ್ಯ.

ಅರ್ತ್ ಸರಿಯಿದ್ದೂ ದೂರು ಉಳಿದರೆ ಮುಂದಿನ ಹಂತ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೋಲ್ಟೇಜನ್ನು ಅಳೆಯಿರಿ. ಅದು 15 ದಾಟುತ್ತಿದ್ದರೆ ಕಟೌಟ್ ಅಥವಾ ಆಲ್ಟರ್ನೇಟರಿನ ರೆಗ್ಯುಲೇಟರನ್ನು ಮೊದಲು ಸರಿಪಡಿಸಬೇಕು, ಇಲ್ಲವಾದರೆ ಬ್ಯಾಟರಿಯೂ ಬಲ್ಬುಗಳೂ ಮೀಟರಿಗಿಂತ ಮೊದಲೇ ಹೋಗುತ್ತವೆ. ಅನಂತರ ಡಬ್ಬಿಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಗುರುತಿಸಿಕೊಳ್ಳಿ: ‘ಬಿ’ ಎಂದರೆ ಬ್ಯಾಟರಿಯಿಂದ ಇಗ್ನಿಷನ್ ಮೂಲಕ ಬರುವ ಕರೆಂಟು, ‘ಐ’ ಎಂದರೆ ಮೀಟರುಗಳಿಗೆ ಹೋಗುವ ದಾರಿ, ‘ಇ’ ಎಂದರೆ ಅರ್ತ್. ಬ್ರಿಟನ್ನಿನ ವಿದ್ಯುತ್ ಬಿಡಿಭಾಗಗಳ ಕಂಪನಿ ಲ್ಯೂಕಸ್‌ನ ಪದ್ಧತಿಯ ಮೂಲ ವೈರಿಂಗ್ ಉಳಿದಿದ್ದರೆ ‘ಬಿ’ಗೆ ಹಸಿರು ವೈರೂ ‘ಐ’ಗೆ ತಿಳಿಹಸಿರು ವೈರೂ ಬಂದಿರುತ್ತದೆ. ಒಮ್ಮೆ ಪೂರ್ತಿ ವೈರಿಂಗ್ ಬದಲಾಯಿಸಿದ ಕಾರಿನಲ್ಲಿ ಬಣ್ಣಕ್ಕೆ ಬೆಲೆಯಿಲ್ಲ, ಎಲೆಕ್ಟ್ರಿಷಿಯನ್ನನ ಬಳಿ ಅಂದು ಯಾವ ಸುರುಳಿ ಇತ್ತೋ ಅದೇ ಬಣ್ಣ.

ಇಗ್ನಿಷನ್ ಆನ್ ಮಾಡಿದಾಗ ‘ಬಿ’ಯಲ್ಲಿ ಬ್ಯಾಟರಿಯ ವೋಲ್ಟೇಜಿಗಿಂತ ಅರ್ಧ ವೋಲ್ಟಿಗಿಂತ ಹೆಚ್ಚು ಕೊರತೆ ಇರಬಾರದು. ‘ಐ’ಯನ್ನು ನೋಡಲು ಮಲ್ಟಿಮೀಟರಿಗಿಂತ ಸಣ್ಣ ಬಲ್ಬೇ ಮೇಲು. ಮೀಟರ್ ಬೋರ್ಡಿನದೇ 2.2 ವ್ಯಾಟಿನ ಬಲ್ಬನ್ನು ‘ಐ’ ಮತ್ತು ಅರ್ತಿನ ನಡುವೆ ಹಿಡಿದರೆ, ಮೊದಲ ಕೆಲವು ಸೆಕೆಂಡು ಎಡೆಬಿಡದೆ ಉರಿದು, ಆಮೇಲೆ ಹತ್ತಿ ಆರಿ ಹತ್ತಿ ಆರಿ ಬಡಿದುಕೊಳ್ಳಲು ಶುರುಮಾಡುತ್ತದೆ. ಅಂಥ ಡಬ್ಬಿಗೆ ಜೀವ ಇದೆ. ಮಿಟುಕದೆ ಉರಿಯುತ್ತಲೇ ಇದ್ದರೂ, ಹೊತ್ತದೆ ಇದ್ದರೂ, ಡಬ್ಬಿಯ ಆಯುಷ್ಯ ಮುಗಿದಿದೆ.

ಕಳಚಿ ಮತ್ತೆ ಕೂರಿಸುವಾಗ ದಿಕ್ಕು ತಪ್ಪಬಾರದು. ಒಳಗಿನ ಪಟ್ಟಿಯ ಬಿಸಿಗಾಳಿ ಮೇಲೆ ಹೋಗುವ ದಾರಿಯನ್ನು ಲೆಕ್ಕ ಹಿಡಿದೇ ಅದನ್ನು ಹೊಂದಿಸಿರುತ್ತಾರೆ; ‘ಬಿ’ ಮತ್ತು ‘ಇ’ ಮೇಲ್ಮುಖವಾಗಿದ್ದು, ನೇರದಿಂದ 20 ಡಿಗ್ರಿಗಿಂತ ಹೆಚ್ಚು ವಾಲಿರಬಾರದು ಎಂಬುದು ತಯಾರಕರ ಸೂಚನೆ. ಮಲಗಿಸಿ ಕಟ್ಟಿದರೆ ಓದು ತಪ್ಪುತ್ತದೆ.

ಮೀಟರಿನ ಪರೀಕ್ಷೆಗೆ ಸೆನ್ಸರ್ ವೈರನ್ನು ಬಾಡಿಗೆ ತಾಗಿಸಿ ಮುಳ್ಳು ಏರುತ್ತದೆಯೇ ಎಂದು ನೋಡುವ ಹಳೆಯ ವರ್ಕ್‌ಶಾಪ್ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಸ್ಟೆಬಿಲೈಸರ್ ಕೆಟ್ಟಿರುವಾಗ ಹಾಗೆ ಮಾಡಿದರೆ ಪೂರ್ತಿ ಬ್ಯಾಟರಿಯೇ ಮೀಟರಿನ ಸಣ್ಣ ತಂತಿಯ ಮೇಲೆ ಬೀಳುತ್ತದೆ. ಬದಲಿಗೆ ರೆಸಿಸ್ಟರ್ ಬಳಸಬೇಕು: ಸ್ಮಿತ್ಸ್ ಬಗೆಯ ಪೆಟ್ರೋಲ್ ಮೀಟರಿನಲ್ಲಿ ಸುಮಾರು 20 ಓಮ್‌ಗೆ ಟ್ಯಾಂಕ್ ತುಂಬಿದಂತೆ, 70ರ ಹತ್ತಿರಕ್ಕೆ ಅರ್ಧ, 240ರ ಆಸುಪಾಸಿಗೆ ಖಾಲಿ ತೋರಿಸಬೇಕು. ಟ್ಯಾಂಕಿನ ಬಳಿ ಯಾವ ವೈರನ್ನೂ ಕರೆಂಟು ಇರುವಾಗ ತಾಗಿಸಿ ನೋಡಬಾರದು. ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು.

ಕೆಟ್ಟ ಡಬ್ಬಿಯೊಳಗೆ ಹೊಸ ಜೀವ

ಪಾಯಿಂಟ್ ಉಜ್ಜಿ, ಪಟ್ಟಿ ಬಗ್ಗಿಸಿ ಸರಿಮಾಡಲು ಹೋಗುವುದು ವ್ಯರ್ಥ. ಹಳೆಯ ಡಬ್ಬಿಯನ್ನೇ ಉಳಿಸಿಕೊಂಡು ಒಳಗೆ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕೂರಿಸುವುದು ಲೇಸು. ಸ್ಥಿರವಾದ 10 ವೋಲ್ಟ್ ಕೊಟ್ಟರೆ ಮೀಟರಿಗೆ ತಲುಪುವ ಶಾಖ ಮೊದಲಿನಷ್ಟೇ ಆದ್ದರಿಂದ ಅಳತೆ ಕೆಡುವುದಿಲ್ಲ.

ನೆಗೆಟಿವ್ ಅರ್ತ್ ಇರುವ, ಅಂದರೆ ಬ್ಯಾಟರಿಯ ನೆಗೆಟಿವ್ ತುದಿ ಬಾಡಿಗೆ ಸೇರಿರುವ, ಕಾರಿಗೆ 7810 ಎಂಬ ಮೂರು ಕಾಲಿನ ರೆಗ್ಯುಲೇಟರ್ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ, ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿಬರುವವರಿದ್ದರೆ ಅವರ ಕೈಯಲ್ಲಿ ಎಲ್‌ಎಂ2940-10 ತರಿಸಿಕೊಳ್ಳುವುದು ಇನ್ನೂ ಒಳ್ಳೆಯದು. 7810ಕ್ಕೆ 10 ವೋಲ್ಟ್ ಕೊಡಲು ಒಳಬರುವ ವೋಲ್ಟೇಜ್ ಸುಮಾರು 2 ವೋಲ್ಟ್ ಹೆಚ್ಚಿರಬೇಕು. ಡೈನಮೋ ಕಾರು ರಾತ್ರಿ ದೀಪ ಹಾಕಿಕೊಂಡು ನಿಂತಾಗ 12 ವೋಲ್ಟೇ ಇರುವುದಿಲ್ಲ, ಮುಳ್ಳು ತುಸು ತಗ್ಗುತ್ತದೆ. ಎರಡನೆಯದಕ್ಕೆ ಅರ್ಧ ವೋಲ್ಟಿನ ಅಂತರ ಸಾಕು. ವಾಹನಗಳಿಗೆಂದೇ ರೂಪಿಸಿದ್ದಾದ್ದರಿಂದ ಬ್ಯಾಟರಿಯನ್ನು ತಿರುಗಿಸಿ ಜೋಡಿಸಿದರೂ ತಡೆದುಕೊಳ್ಳುತ್ತದೆ. ಆದರೆ ಅದರ ಔಟ್‌ಪುಟ್ಟಿನಲ್ಲಿ ಕನಿಷ್ಠ 22 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಇರಲೇಬೇಕು, ಇಲ್ಲದಿದ್ದರೆ ವೋಲ್ಟೇಜ್ ನಿಲ್ಲದೆ ತೊನೆದಾಡುತ್ತದೆ. ಇನ್‌ಪುಟ್ಟಿಗೆ 0.47 ಸಾಕು. 7810ಕ್ಕಾದರೆ ಇನ್‌ಪುಟ್ಟಿಗೆ 0.33, ಔಟ್‌ಪುಟ್ಟಿಗೆ 0.1. ಸಣ್ಣ ತಿರುಪಿನಿಂದ ವೋಲ್ಟೇಜ್ ಹೊಂದಿಸುವ ಅಗ್ಗದ ಮಾಡ್ಯೂಲುಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ನಮ್ಮ ತೋಟದ ರಸ್ತೆಗಳ ಅದುರಿಗೆ ಆ ತಿರುಪು ಇಟ್ಟಲ್ಲಿ ನಿಲ್ಲುವುದು ಕಷ್ಟ.

ಡಬ್ಬಿಯ ಮಡಿಸಿದ ಅಂಚನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಎಬ್ಬಿಸಿ, ಒಳಗಿನ ಪಟ್ಟಿ ಮತ್ತು ತಂತಿಯನ್ನು ಕತ್ತರಿಸಿ ತೆಗೆಯಿರಿ. ಟರ್ಮಿನಲ್ಲುಗಳಿರುವ ತಳವನ್ನು ಉಳಿಸಿಕೊಳ್ಳಿ. ‘ಬಿ’ಗೂ ‘ಐ’ಗೂ ಈಗ ಯಾವ ಸಂಪರ್ಕವೂ ಇಲ್ಲವೆಂದು ಮಲ್ಟಿಮೀಟರಿನಿಂದ ಖಚಿತಪಡಿಸಿಕೊಂಡ ಮೇಲೆ ರೆಗ್ಯುಲೇಟರಿನ ಮೊದಲ ಕಾಲನ್ನು ‘ಬಿ’ಗೆ, ನಡುವಿನದನ್ನು ಡಬ್ಬಿಯ ತಗಡಿಗೆ, ಮೂರನೆಯದನ್ನು ‘ಐ’ಗೆ ಬೆಸುಗೆ ಹಾಕಬೇಕು. ಈ ಎರಡೂ ಬಿಡಿಭಾಗಗಳ ಬೆನ್ನಿನ ಲೋಹ ಅರ್ತಿಗೇ ಸೇರಿರುವುದರಿಂದ ಅದನ್ನು ನೇರವಾಗಿ ತಗಡಿಗೆ ಬಿಗಿಯಬಹುದು. ಎರಡು ಮೀಟರುಗಳು ಸೇರಿ ಎಳೆಯುವುದು ಸುಮಾರು ಕಾಲು ಆಂಪಿಯರ್, ಹುಟ್ಟುವ ಬಿಸಿ 1 ವ್ಯಾಟಿನಷ್ಟು; ಡಬ್ಬಿಯೇ ಅದನ್ನು ಹೊರಹಾಕುತ್ತದೆ.

ಪಾಸಿಟಿವ್ ಅರ್ತ್ ಇರುವ ಹಳೆಯ ಬ್ರಿಟಿಷ್ ಕಾರುಗಳಿಗೆ ಇದು ಒಗ್ಗದು. ಮೂಲ ಡಬ್ಬಿಗೆ ಪಾಸಿಟಿವ್ ನೆಗೆಟಿವ್ ಎಂಬ ಭೇದವಿರಲಿಲ್ಲ, ಎಲೆಕ್ಟ್ರಾನಿಕ್ಕಿಗೆ ಇದೆ. ಅಲ್ಲಿ 7910 ಬೇಕು. ಅದರ ಕಾಲುಗಳ ಕ್ರಮವೇ ಬೇರೆ, ಮೊದಲನೆಯದು ಅರ್ತ್, ನಡುವಿನದು ಇನ್‌ಪುಟ್, ಮೂರನೆಯದು ಔಟ್‌ಪುಟ್. ಬೆನ್ನಿನ ಲೋಹವೂ ಇನ್‌ಪುಟ್ಟಿಗೇ ಸೇರಿರುವುದರಿಂದ ಮೈಕಾ ಹಾಳೆ ಮತ್ತು ಪ್ಲಾಸ್ಟಿಕ್ ವಾಷರ್ ಹಾಕದೆ ಡಬ್ಬಿಗೆ ಬಿಗಿದರೆ ಫ್ಯೂಸ್ ಹಾರುತ್ತದೆ.

ಕಾರಿಗೆ ಹಾಕುವ ಮೊದಲು ಮೇಜಿನ ಮೇಲೆ ಬ್ಯಾಟರಿಗೆ ಕೊಟ್ಟು, ‘ಐ’ ಮತ್ತು ತಗಡಿನ ನಡುವೆ 47 ಓಮಿನ 5 ವ್ಯಾಟ್ ರೆಸಿಸ್ಟರ್ ಕಟ್ಟಿ ಅಳೆಯಿರಿ. 7810ರಲ್ಲಿ 9.6ರಿಂದ 10.4 ವೋಲ್ಟಿನ ಒಳಗೆ ಬಂದರೆ ಸರಿ. ಈಗ ಹೊರಬರುವುದು ನಿಜವಾಗಿಯೂ ಸ್ಥಿರ ವೋಲ್ಟೇಜ್ ಆದ್ದರಿಂದ ಮಲ್ಟಿಮೀಟರಿನ ಓದನ್ನು ನಂಬಬಹುದು, ಬಲ್ಬು ಮಿಟುಕುವುದಿಲ್ಲ, ಡಬ್ಬಿಯನ್ನು ಯಾವ ದಿಕ್ಕಿನಲ್ಲಿ ಕೂರಿಸಿದರೂ ನಡೆಯುತ್ತದೆ. ಕೀ ತಿರುಗಿಸಿದಾಗ ಮುಳ್ಳು ಮೊದಲಿಗಿಂತ ಇನ್ನೂ ನಿಧಾನವಾಗಿ ಏರುವುದು ಕಾಣುತ್ತದೆ: ಹಳೆಯ ಡಬ್ಬಿಯಲ್ಲಿ ಮೊದಲ ಕೆಲವು ಸೆಕೆಂಡು ಪಾಯಿಂಟ್ ಬಿಡದೆ ಪೂರ್ತಿ 12 ವೋಲ್ಟ್ ಸಿಗುತ್ತಿತ್ತು, ಈಗ ಮೊದಲಿನಿಂದಲೂ 10 ಮಾತ್ರ. ಪೆಟ್ರೋಲ್ ಬಂಕಿನಲ್ಲಿ ಓದು ನೋಡುವಾಗ ಒಂದು ನಿಮಿಷ ಕಾದು ನೋಡಬೇಕು.